ಟೀ ತೋಟದಲ್ಲಿ ಫ್ಯಾನ್ ಯಾಕೆ?

ಜಪಾನಿನ ಶಿಜುಒಕಾ ಪ್ರಾಂತ್ಯದ ಒಂದು ಖಾಸಗಿ ಹೈಸ್ಕೂಲಿಗೆ ನಾನು ಇಂಗ್ಲಿಷ್ ಕಲಿಸಲು ಸೇರಿದ್ದು 2022ರ ಏಪ್ರಿಲ್‌ನಲ್ಲಿ. ಅಲ್ಲಿ ಶಾಲೆಗಳ ಹೊಸ ವರ್ಷ ಶುರುವಾಗುವುದೇ ಏಪ್ರಿಲ್‌ನಲ್ಲಿ. ಯಜಮಾನರ ಕೆಲಸಕ್ಕಾಗಿ ನಾವು ಹಮಮತ್ಸು ಊರಿಗೆ ಬಂದು ಆಗಲೇ ನಾಲ್ಕು ವರ್ಷವಾಗಿತ್ತು, ಮಗಳು ಅಲ್ಲಿನ ಶಾಲೆಗೆ ಹೊಂದಿಕೊಂಡಿದ್ದಳು. ಗಂಡನ ವೀಸಾದ ಮೇಲೆ ಬಂದವರು ವಲಸೆ ಇಲಾಖೆಯ ಅನುಮತಿ ಪಡೆದರೆ ವಾರಕ್ಕೆ 28 ಗಂಟೆ ದುಡಿಯಬಹುದು. ಹಾಗಾಗಿ ವಾರಕ್ಕೆ ಮೂರು ದಿನ ಬೆಳಗಿನ ರೈಲು ಹಿಡಿದು, ಮಕಿನೊಹಾರಾದ ಟೀ ಸೀಮೆಯ ಆ ಶಾಲೆಗೆ ಹೋಗತೊಡಗಿದೆ.

ಅಲ್ಲಿ ಹೈಸ್ಕೂಲು ಎಂದರೆ ಮೂರು ವರ್ಷ. ನಮ್ಮ ಲೆಕ್ಕಕ್ಕೆ ಎಸ್ಸೆಸ್ಸೆಲ್ಸಿ ಮತ್ತು ಎರಡು ವರ್ಷದ ಪಿಯುಸಿ ಸೇರಿದ ಹಾಗೆ. ನನ್ನ ಹುದ್ದೆಯ ಹೆಸರು ಅಸಿಸ್ಟೆಂಟ್ ಲ್ಯಾಂಗ್ವೇಜ್ ಟೀಚರ್, ಎಲ್ಲರ ಬಾಯಲ್ಲಿ ಎಎಲ್‌ಟಿ. 1987ರಲ್ಲಿ ಜಪಾನ್ ಸರ್ಕಾರ ಜೆಟ್ ಎಂಬ ಯೋಜನೆ ಶುರುಮಾಡಿ ಹೊರದೇಶಗಳ ಯುವಕ ಯುವತಿಯರನ್ನು ಶಾಲೆಗಳಿಗೆ ಕರೆಸಿಕೊಳ್ಳತೊಡಗಿದ ಮೇಲೆ ಈ ಹೆಸರು ಹಳ್ಳಿಹಳ್ಳಿಗೂ ಗೊತ್ತು. ನಾನು ಜೆಟ್ ಮೂಲಕ ಹೋದವಳಲ್ಲ, ಆದರೆ ಕೆಲಸ ಅದೇ. ಜಪಾನಿನ ಶಿಕ್ಷಕರ ಲೈಸೆನ್ಸ್ ಇಲ್ಲದ ಕಾರಣ ಒಬ್ಬಳೇ ತರಗತಿ ನಡೆಸುವಂತಿರಲಿಲ್ಲ. ಅಲ್ಲಿನ ಇಂಗ್ಲಿಷ್ ಶಿಕ್ಷಕಿಯೊಬ್ಬರ ಜೊತೆ ಜೋಡಿಯಾಗಿ ಪಾಠ ಮಾಡಬೇಕು. ನನಗೆ ಸಿಕ್ಕ ಜೋಡಿ, ಇಪ್ಪತ್ತು ವರ್ಷ ಪಾಠ ಮಾಡಿದ ಅನುಭವಿ. ಅವರನ್ನು ಇಲ್ಲಿ ಸೆನ್ಸೇ, ಅಂದರೆ ಟೀಚರ್, ಎಂದಷ್ಟೇ ಕರೆಯುತ್ತೇನೆ.

ಮೊದಲ ದಿನದ ತರಗತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗಂಟೆ ಬಾರಿಸಿದ ಕೂಡಲೇ ಕ್ಲಾಸ್ ಲೀಡರ್ ಹುಡುಗಿ "ಕಿರಿತ್ಸು" ಎಂದಳು, 38 ಮಕ್ಕಳು ಒಟ್ಟಿಗೆ ಎದ್ದು ನಿಂತರು. "ರೇ" ಎಂದಾಗ ಒಟ್ಟಿಗೆ ಬಾಗಿದರು. "ಚಕುಸೆಕಿ" ಎಂದಾಗ ಒಟ್ಟಿಗೆ ಕೂತರು. ಕೋವಿಡ್ ಇನ್ನೂ ಪೂರ್ತಿ ಹೋಗಿರಲಿಲ್ಲ, ಎಲ್ಲರ ಮುಖದ ಮೇಲೂ ಬಿಳಿ ಮಾಸ್ಕ್. ನಾನು ನನ್ನ ಪರಿಚಯ ಹೇಳಿಕೊಂಡು, ಊರಿನ ಫೋಟೋ ತೋರಿಸಿ, "ಎನಿ ಕ್ವೆಶ್ಚನ್ಸ್?" ಎಂದು ಕೇಳಿದೆ. ಒಂದು ಕೈಯೂ ಏಳಲಿಲ್ಲ. ಮೂವತ್ತೆಂಟು ಜೊತೆ ಕಣ್ಣುಗಳು ಮೇಜು ನೋಡತೊಡಗಿದವು.

ಮುಂದಿನ ಎರಡು ವಾರ ನನ್ನ ಪಾಲಿಗೆ ಬಂದದ್ದು ಟೇಪ್ ರೆಕಾರ್ಡರಿನ ಕೆಲಸ. ಪಠ್ಯದ ಒಂದು ವಾಕ್ಯ ನಾನು ಓದುವುದು, ಮಕ್ಕಳು ಒಟ್ಟಾಗಿ ಅದನ್ನೇ ಹೇಳುವುದು. ಆಮೇಲೆ ಸೆನ್ಸೇ ಜಪಾನೀ ಭಾಷೆಯಲ್ಲಿ ವ್ಯಾಕರಣ ಬಿಡಿಸಿ ಹೇಳುವುದು, ವಾಕ್ಯವನ್ನು ಹಿಂದುಮುಂದು ಮಾಡಿ ಅನುವಾದ ಬರೆಸುವುದು. ಬರವಣಿಗೆಯಲ್ಲಿ ಈ ಮಕ್ಕಳು ಗಟ್ಟಿ. ನಾಲ್ಕು ಸಾಲಿನ ಜಟಿಲ ವಾಕ್ಯವನ್ನು ತಪ್ಪಿಲ್ಲದೆ ಬಿಡಿಸುತ್ತಿದ್ದರು. ಅದೇ ಮಗುವನ್ನು ಕಾರಿಡಾರಿನಲ್ಲಿ ನಿಲ್ಲಿಸಿ "ಬೆಳಗ್ಗೆ ಏನು ತಿಂದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಮಾತು ಹೊರಡುತ್ತಿರಲಿಲ್ಲ.

ಇದನ್ನು ನೋಡಿ ನನಗೆ ಆಶ್ಚರ್ಯವಾಗಲಿಲ್ಲ, ಹೊಟ್ಟೆಯೊಳಗೆ ಏನೋ ಹಿಂಡಿದಂತಾಯಿತು. ನಾನು ತೀರ್ಥಹಳ್ಳಿ ತಾಲೂಕಿನ ಹಳ್ಳಿಯವಳು, ಹತ್ತನೇ ತರಗತಿಯವರೆಗೆ ಕನ್ನಡ ಮೀಡಿಯಂ. ಎಬಿಸಿಡಿ ಕಲಿತದ್ದೇ ಐದನೇ ಕ್ಲಾಸಿನಲ್ಲಿ. ಪಿಯುಸಿಗೆ ಶಿವಮೊಗ್ಗಕ್ಕೆ ಬಂದು ಸೈನ್ಸ್ ಸೇರಿದಾಗ, ಲೆಕ್ಚರರ್ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಎಷ್ಟೋ ತಿಂಗಳು ತಲೆ ತಗ್ಗಿಸಿ ಕೂತವಳು. ಆ ಮೌನ ಎಂಥದ್ದು ಎಂದು ನನಗೆ ಗೊತ್ತು. ಗೊತ್ತಿದ್ದೂ ಮೊದಲ ತಿಂಗಳು ನಾನು ಮಾಡಬಾರದ್ದನ್ನೇ ಮಾಡಿದೆ.

ಏಪ್ರಿಲ್ ಕೊನೆಯ ವಾರ. ಹೆಸರು ಹಿಡಿದು ಕರೆದರೆ ಮಾತಾಡಿಯಾರು ಎಂದು ಹಾಜರಿ ಪಟ್ಟಿ ನೋಡಿ ಒಬ್ಬ ಹುಡುಗಿಯನ್ನು ಎಬ್ಬಿಸಿದೆ. ಗೋಲ್ಡನ್ ವೀಕ್ ರಜೆಯಲ್ಲಿ ಏನು ಮಾಡುತ್ತೀ ಎಂಬುದಷ್ಟೇ ಪ್ರಶ್ನೆ. ಅವಳು ಎದ್ದು ನಿಂತಳು. ಗೋಡೆ ಗಡಿಯಾರದ ಸದ್ದು ಕೇಳಿಸುವಷ್ಟು ಮೌನ. ನಾನು ಪ್ರಶ್ನೆಯನ್ನು ನಿಧಾನವಾಗಿ ಇನ್ನೊಮ್ಮೆ ಕೇಳಿದೆ, ಮತ್ತೊಮ್ಮೆ ಕೇಳಿದೆ. ಒಂದು ನಿಮಿಷ ಕಳೆದಿರಬೇಕು. ಅವಳ ಮಾಸ್ಕಿನ ಅಂಚು ಒದ್ದೆಯಾಗುವುದು ಕಂಡಿತು.

ತರಗತಿ ಮುಗಿದ ಮೇಲೆ ಶಿಕ್ಷಕರ ಕೋಣೆಯಲ್ಲಿ ಸೆನ್ಸೇ ನನಗೊಂದು ಲೋಟ ಬಾರ್ಲಿ ಟೀ ತಂದುಕೊಟ್ಟು ಪಕ್ಕದಲ್ಲಿ ಕೂತರು. "ಅವಳಿಗೆ ಉತ್ತರ ಗೊತ್ತಿತ್ತು. ಹಜುಕಶೀ" ಎಂದರು. ನಾಚಿಕೆ, ಸಂಕೋಚ, ಮುಜುಗರ ಎಲ್ಲ ಸೇರಿದ ಮಾತು ಅದು. ಎಲ್ಲರ ಎದುರು ತಪ್ಪು ಹೇಳಿದರೆ ನಾಚಿಕೆ. ಎಲ್ಲರಿಗಿಂತ ಚೆನ್ನಾಗಿ ಹೇಳಿದರೂ ನಾಚಿಕೆ. ಅಪ್ಪನ ಕೆಲಸದಿಂದಾಗಿ ಕೆಲವು ವರ್ಷ ಅಮೆರಿಕದಲ್ಲಿದ್ದು ಬಂದ ಹುಡುಗನೊಬ್ಬ ಅದೇ ತರಗತಿಯಲ್ಲಿದ್ದ, ಬೇಕೆಂದೇ ಜಪಾನೀ ಉಚ್ಚಾರಣೆಯಲ್ಲಿ "ಮಿರುಕು" ಎನ್ನುತ್ತಿದ್ದ. ಮಿಲ್ಕ್ ಎಂದು ಸರಿಯಾಗಿ ಹೇಳಿದರೆ ಉಳಿದವರಿಂದ ಬೇರೆಯಾಗಿ ಕಾಣುತ್ತೇನಲ್ಲ ಎಂಬ ಭಯ. ಅವನ ವಿಷಯವನ್ನೂ ಸೆನ್ಸೇ ಅಂದೇ ಹೇಳಿದ್ದು.

ಮಾರನೇ ವಾರ ಆ ಹುಡುಗಿಯ ಹತ್ತಿರ ಹೋಗಿ ಒಂಟಿಯಾಗಿ ಕ್ಷಮೆ ಕೇಳಿದೆ. ಅವಳು ಬಾಗಿ, "ಗೊಮೆನ್ನಾಸಾಯ್" ಎಂದು ತಾನೇ ನನ್ನ ಕ್ಷಮೆ ಕೇಳಿದಳು. ಅದು ಇನ್ನೂ ನೋವು ಕೊಟ್ಟಿತು.

ಅಲ್ಲಿಂದ ಸೆನ್ಸೇ ಮತ್ತು ನಾನು ಪಾಠದ ಕ್ರಮವನ್ನೇ ಬೇರೆ ಮಾಡಿಕೊಂಡೆವು. ಎಲ್ಲರ ಎದುರು ಒಬ್ಬರನ್ನೇ ಎಬ್ಬಿಸಿ ಕೇಳುವುದು ನಿಂತಿತು. ಪ್ರಶ್ನೆ ಹಾಕಿದ ಮೇಲೆ ಒಂದು ನಿಮಿಷ ಯಾರೂ ಮಾತಾಡಬಾರದು, ಬೇಕಾದರೆ ಎರಡು ಪದ ಗೀಚಿಕೊಳ್ಳಬಹುದು. ಆಮೇಲೆ ಪಕ್ಕದವರಿಗೆ ಹೇಳಬೇಕು. ಆಮೇಲೆ ನಾಲ್ಕು ಮೇಜು ಕೂಡಿಸಿ, ನಾಲ್ವರ ಗುಂಪಿನಲ್ಲಿ. ಕೊನೆಗೆ ಗುಂಪಿನ ಪರವಾಗಿ ಯಾರಾದರೊಬ್ಬರು ತರಗತಿಗೆ ಹೇಳಬೇಕು. ಆಗ ತಪ್ಪಾದರೂ ಅದು ಗುಂಪಿನ ತಪ್ಪು. ಜಪಾನೀ ಶಾಲೆಗಳಲ್ಲಿ ಈ ಗುಂಪಿಗೆ ಹಾನ್ ಎನ್ನುತ್ತಾರೆ. ಊಟ, ಕಸ ಗುಡಿಸುವುದು, ಪ್ರವಾಸ ಎಲ್ಲದರಲ್ಲೂ ಚಿಕ್ಕಂದಿನಿಂದ ಹಾನ್ ಕಟ್ಟಿಯೇ ಬೆಳೆದ ಮಕ್ಕಳಿಗೆ ಅದು ಮನೆಯಷ್ಟು ಸಲೀಸು. ಅವರಿಗೆ ಮೊದಲೇ ಇದ್ದ ಈ ಬಲವನ್ನು ಇಂಗ್ಲಿಷಿಗೆ ಬಳಸಿಕೊಳ್ಳಬೇಕೆಂದು ನನಗೆ ಹೊಳೆಯಲು ಒಂದು ಮಗು ಅಳಬೇಕಾಯಿತು.

ಇನ್ನೊಂದನ್ನು ಕಲಿಸಿದೆವು. ಉತ್ತರ ಹೊಳೆಯುವವರೆಗೆ ಸುಮ್ಮನೆ ನಿಲ್ಲುವ ಬದಲು "ಲೆಟ್ ಮಿ ಥಿಂಕ್" ಎನ್ನುವುದು. ಜಪಾನೀಯರು ತಮ್ಮ ಭಾಷೆಯಲ್ಲಿ ಯೋಚಿಸುವಾಗ "ಎತ್ತೋ..." ಎಂದು ಎಳೆಯುತ್ತಾರೆ, ನಾವು "ಅದೇನಪ್ಪಾ ಅಂದ್ರೆ" ಎನ್ನುತ್ತೇವಲ್ಲ ಹಾಗೆ. ಇಂಗ್ಲಿಷಿನಲ್ಲಿ ಆ ಎಳೆತವೇ ಅವರ ಬಳಿ ಇರಲಿಲ್ಲ.

ಮೇ ತಿಂಗಳಲ್ಲಿ ನೋಟ್‌ಬುಕ್ ಶುರುವಾಯಿತು. ವಾರಕ್ಕೆ ಮೂರು ಸಾಲು, ಮನಸ್ಸಿಗೆ ಬಂದದ್ದು. ಮೊದಲ ಸಲ ಮೂವತ್ತೆಂಟು ಪುಸ್ತಕಗಳನ್ನೂ ಮನೆಗೆ ಹೊತ್ತು ತಂದು, ರಾತ್ರಿ ಹನ್ನೊಂದರವರೆಗೆ ಕೂತು, ಸರಿಯಿದ್ದ ಪ್ರತಿ ಸಾಲಿನ ಪಕ್ಕದಲ್ಲೂ ಖುಷಿಯಿಂದ ಕೆಂಪು ಇಂಕಿನಲ್ಲಿ ಟಿಕ್ ಹಾಕಿದೆ. ಪುಸ್ತಕ ವಾಪಸ್ ಕೊಟ್ಟಾಗ ಮಕ್ಕಳ ಕಣ್ಣು ಬಾಡಿದವು. ಮುಂದಿನ ವಾರ ಅರ್ಧಕ್ಕರ್ಧ ಮಂದಿ ಒಂದೇ ಸಾಲು ಬರೆದಿದ್ದರು. ಕಾರಣ ಏನೆಂದು ಸೆನ್ಸೇಯನ್ನು ಕೇಳಿದೆ. ಅವರು ಒಂದು ಪುಟ ತೆರೆದು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದರು. ಜಪಾನಿನಲ್ಲಿ ಸರಿಗೆ ದುಂಡು, ಅಂದರೆ ಮಾರು. ಟಿಕ್ ಎಂದರೆ ತಪ್ಪು. ಸರಿಯಿದ್ದ ಎಲ್ಲಾ ಸಾಲುಗಳನ್ನೂ ನಾನು ತಪ್ಪೆಂದು ಗುರುತು ಹಾಕಿದ್ದೆ.

ಮರುದಿನವೇ ಬೋರ್ಡಿನ ಮೇಲೆ ದೊಡ್ಡದಾಗಿ ಟಿಕ್ ಬರೆದು, ಕೆಳಗೆ "ಇಂಡಿಯಾ: ವೆರಿ ಗುಡ್" ಎಂದು ಬರೆದೆ. ತರಗತಿಯಿಂದ "ಏಹ್!" ಎಂಬ ಸದ್ದು ಒಟ್ಟಾಗಿ ಎದ್ದಿತು. ಆ ಮಕ್ಕಳು ಯಾರೂ ಹೇಳಿಕೊಡದೆ, ಲೀಡರ್ ಕೂಗದೆ ಮಾಡಿದ ಮೊದಲ ಸದ್ದು ಅದು. ನಾನು ಕೈಮುಗಿದು ಸಾರಿ ಎಂದೆ. ಕಿಟಕಿ ಪಕ್ಕದಿಂದ ಯಾರೋ "ಇಟ್ಸ್ ಓಕೆ, ಟೀಚರ್" ಎಂದರು. ಅಂದಿನಿಂದ ನೋಟ್‌ಬುಕ್ಕಿನಲ್ಲಿ ತಪ್ಪು ತಿದ್ದುವುದನ್ನೇ ಬಿಟ್ಟೆ. ಬರೆದದ್ದಕ್ಕೆ ಉತ್ತರ ಬರೆಯುತ್ತಿದ್ದೆ, ಒಂದು ಪ್ರಶ್ನೆ ಕೇಳುತ್ತಿದ್ದೆ, ಅವರು ತಪ್ಪಾಗಿ ಬರೆದ ಪದವನ್ನು ನನ್ನ ಉತ್ತರದಲ್ಲಿ ಸರಿಯಾಗಿ ಬಳಸುತ್ತಿದ್ದೆ. ತುಂಬ ಹಿಡಿಸಿದ ಸಾಲಿಗೆ ಹೂವಿನ ಎಸಳು ಬಿಡಿಸಿದ ದುಂಡು, ಹನಾಮಾರು.

ನಾನೂ ಅವರ ಹಾಗೆ ಇಂಗ್ಲಿಷ್ ಕಲಿತವಳು ಎಂದು ಹೇಳಿದ್ದು ಅದೇ ತಿಂಗಳು. ಇಂಡಿಯಾದವರೆಲ್ಲ ಹುಟ್ಟುತ್ತಲೇ ಇಂಗ್ಲಿಷ್ ಮಾತಾಡುತ್ತಾರೆ ಎಂದು ಅವರು ನಂಬಿದ್ದರು. ಬೋರ್ಡಿನ ಮೇಲೆ "ನಾನು ಮನೆಗೆ ಹೋಗುತ್ತೇನೆ" ಎಂದು ಬರೆದು, ಒಂದೊಂದೇ ಪದದ ಕೆಳಗೆ ಅರ್ಥ ಬರೆದೆ. ಪದಗಳ ಸಾಲು ಜಪಾನೀ ವಾಕ್ಯದಂತೆಯೇ ಕೂತಿತು. ಕ್ರಿಯಾಪದ ಕೊನೆಯಲ್ಲಿ, "ಗೆ" ಎಂಬುದು ಮನೆಯ ಬೆನ್ನಿಗೆ. ಬಸ್ ಎಂಬುದು ಅವರ ಬಾಯಲ್ಲಿ ಬಸು, ನಮ್ಮಲ್ಲಿ ಬಸ್ಸು. ಬೆಂಚ್ ಅವರಿಗೆ ಬೆಂಚಿ, ನಮಗೆ ಬೆಂಚು. ಅವರಲ್ಲಿ ಇದು, ಅದು ಎನ್ನುವುದಕ್ಕೆ ಕೊರೆ, ಸೊರೆ, ಅರೆ ಎಂದು ಮೂರು ಪದ. ನಮ್ಮ ಹಳಗನ್ನಡದಲ್ಲೂ ಇದು, ಉದು, ಅದು ಎಂದು ಮೂರಿದ್ದವು. ಇಂಗ್ಲಿಷ್ ವಾಕ್ಯವನ್ನು ನಾನೂ ಬಾಲದಿಂದ ತಲೆಗೆ ತಿರುಗಿಸಿಕೊಂಡೇ ಕಲಿತೆ, ಇವತ್ತಿಗೂ ಸುಸ್ತಾದಾಗ ತಿರುಗುವುದಿಲ್ಲ ಎಂದೆ. ಸೆನ್ಸೇ ಅದನ್ನು ಜಪಾನೀ ಭಾಷೆಯಲ್ಲಿ ಮತ್ತೊಮ್ಮೆ ಹೇಳಿದರು, ಯಾರಿಗೂ ತಪ್ಪಿಹೋಗದಿರಲಿ ಎಂದು. ಆ ದಿನದ ನೋಟ್‌ಬುಕ್ಕಿನಲ್ಲಿ ಒಬ್ಬಳು ಬರೆದಿದ್ದಳು, "ಟೀಚರ್ ವಾಸ್ ಆಲ್ಸೋ ಸೈಲೆಂಟ್. ಐ ಆಮ್ ರಿಲೀಫ್." ನಾನು ಹನಾಮಾರು ಹಾಕಿದೆ.

ಆದರೂ ಏನೋ ಸಾಲದಾಗಿತ್ತು. ಪಕ್ಕದವರ ಜೊತೆ ಮಾತಾಡುತ್ತಿದ್ದರು, ಆದರೆ ಅದು ಪಾಠ ಒಪ್ಪಿಸಿದಂತೆ. "ನಿನಗೆ ಇಷ್ಟವಾದ ತಿಂಡಿ ಯಾವುದು?" ಎಂದು ಕೇಳುವವಳಿಗೆ ಉತ್ತರ ಮೊದಲೇ ಗೊತ್ತು, ಅವರಿಬ್ಬರೂ ಆರು ವರ್ಷದ ಗೆಳತಿಯರು. ಗೊತ್ತಿರುವುದನ್ನೇ ಪರಭಾಷೆಯಲ್ಲಿ ಕೇಳುವುದರಲ್ಲಿ ಜೀವ ಎಲ್ಲಿಂದ ಬರಬೇಕು?

ಅದು ಬಿಡಿಸಿಕೊಂಡದ್ದು ಜೂನ್‌ನಲ್ಲಿ, ತ್ಸುಯು ಎನ್ನುವ ಅವರ ಮಳೆಗಾಲದ ಒಂದು ಬೆಳಗ್ಗೆ. ಸ್ಟೇಷನ್ನಿನಿಂದ ಶಾಲೆಗೆ ಹೋಗುವ ದಾರಿಯುದ್ದಕ್ಕೂ ಟೀ ತೋಟಗಳು. ಕತ್ತರಿಸಿಟ್ಟ ಹಸಿರು ದಿಂಬುಗಳ ಹಾಗೆ ಗಿಡದ ಸಾಲುಗಳು. ಅವುಗಳ ನಡುವೆ ನಾಲ್ಕಾಳೆತ್ತರದ ಕಂಬಗಳು, ಪ್ರತಿ ಕಂಬದ ತುದಿಯಲ್ಲೂ ಕೆಳಮುಖವಾಗಿ ಬಾಗಿದ ಒಂದು ಫ್ಯಾನ್. ನಾಲ್ಕು ವರ್ಷದಿಂದ ರೈಲಿನ ಕಿಟಕಿಯಲ್ಲಿ ನೋಡುತ್ತಿದ್ದೆ, ಯಾರನ್ನೂ ಕೇಳಿರಲಿಲ್ಲ. ಅಂದು ತರಗತಿಯಲ್ಲಿ ಯಾವ ತಯಾರಿಯೂ ಇಲ್ಲದೆ ಕೇಳಿಬಿಟ್ಟೆ, ಟೀ ತೋಟದಲ್ಲಿ ಫ್ಯಾನ್ ಯಾಕೆ? ನನಗೆ ನಿಜಕ್ಕೂ ಗೊತ್ತಿಲ್ಲ, ಯಾರಾದರೂ ಹೇಳಿ ಎಂದೆ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ನಿಧಾನವಾಗಿ ಎಲ್ಲರ ತಲೆಯೂ ಕಿಟಕಿ ಪಕ್ಕದ ಕೊನೆಯ ಸಾಲಿಗೆ ತಿರುಗಿತು. ಅಲ್ಲೊಬ್ಬ ಬೇಸ್‌ಬಾಲ್ ಆಡುವ ಹುಡುಗ, ಬೋಳು ತಲೆ, ಎರಡು ತಿಂಗಳಲ್ಲಿ ನನ್ನೆದುರು "ಯೆಸ್" ಬಿಟ್ಟು ಬೇರೆ ಮಾತಾಡದವನು. ಅವನ ಮನೆಯವರದು ಟೀ ತೋಟ. ಅವನು ಕತ್ತು ಕೆರೆದುಕೊಂಡ. "ಲೆಟ್ ಮಿ ಥಿಂಕ್" ಎಂದ. ನಾವು ಕಾದೆವು. ಆಮೇಲೆ ಎದ್ದು ಬೋರ್ಡಿಗೆ ಬಂದು ಸೀಮೆಸುಣ್ಣ ತೆಗೆದುಕೊಂಡ.

ಮೊದಲು ಒಂದು ಗಿಡ ಬರೆದ, ಅದರ ತುದಿಗೆ ಪುಟ್ಟ ಎಲೆ. "ಏಪ್ರಿಲ್. ಬೇಬಿ ಲೀಫ್." ಎಲೆಯ ಸುತ್ತ ಚುಕ್ಕಿ ಇಟ್ಟ. "ನೈಟ್. ವೆರಿ ಕೋಲ್ಡ್. ಐಸ್. ಬೇಬಿ ಲೀಫ್, ಡೈ." ಆಮೇಲೆ ಕಂಬ, ಫ್ಯಾನ್. ನೆಲದ ಹತ್ತಿರ ಅಲೆಅಲೆಯಾಗಿ ಗೆರೆ ಎಳೆದು "ಕೋಲ್ಡ್ ಏರ್, ಡೌನ್" ಎಂದ. ಮೇಲೆ ಇನ್ನಷ್ಟು ಗೆರೆ ಎಳೆದು "ವಾರ್ಮ್ ಏರ್, ಅಪ್" ಎಂದ. ಫ್ಯಾನಿನಿಂದ ಎಲೆಗೆ ಒಂದು ಉದ್ದದ ಬಾಣ ಎಳೆದು, ಅಂಗೈಯಿಂದ ಗಾಳಿಯನ್ನು ಕೆಳಗೆ ಒತ್ತಿ ತೋರಿಸಿದ. "ಫ್ಯಾನ್, ಪುಶ್."

ನನಗೆ ಅರ್ಥವಾಯಿತು. ಮೋಡವಿಲ್ಲದ, ಗಾಳಿಯಾಡದ ವಸಂತದ ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗಿ ಗಿಡದ ಮಟ್ಟದ ಗಾಳಿ ತಣ್ಣಗಾಗುತ್ತದೆ, ಕೆಲವೇ ಮೀಟರ್ ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗಿರುತ್ತದೆ. ಆ ಬೆಚ್ಚನೆ ಗಾಳಿಯನ್ನು ಕೆಳಗಿಳಿಸಿ, ಚಿಗುರಿನ ಮೇಲೆ ಹಿಮ ಕಟ್ಟದಂತೆ ಕಾಯುವ ಫ್ಯಾನ್ ಅದು. ಒಂದು ರಾತ್ರಿಯ ಹಿಮಕ್ಕೆ ವರ್ಷದ ಮೊದಲ ಚಿಗುರು, ಅಂದರೆ ಅತಿ ಹೆಚ್ಚು ಬೆಲೆ ಬರುವ ಫಸಲು, ಕಪ್ಪಾಗಿಬಿಡುತ್ತದೆ. ಇಷ್ಟನ್ನೂ ಅವನು ಇಪ್ಪತ್ತೈದು ಪದಗಳೊಳಗೆ ಹೇಳಿದ್ದ. ಸೆನ್ಸೇ ಮೆಲ್ಲನೆ ಬೋರ್ಡಿನ ಮೂಲೆಯಲ್ಲಿ "ಫ್ರಾಸ್ಟ್" ಎಂದು ಬರೆದರು. ಅವನಿಗೆ ಬೇಕಿದ್ದ ಹೊತ್ತಿಗೇ ಆ ಪದ ಬಂತು.

ಅವನು ಜಾಗಕ್ಕೆ ಹೋಗಲಿಲ್ಲ. ನನ್ನ ಕಡೆ ತಿರುಗಿ, "ಯುವರ್ ಫಾದರ್... ಟೀ?" ಎಂದು ಕೇಳಿದ. ಆ ವರ್ಷ ಒಬ್ಬ ವಿದ್ಯಾರ್ಥಿ ತಾನಾಗಿಯೇ ನನ್ನನ್ನು ಕೇಳಿದ ಮೊದಲ ಪ್ರಶ್ನೆ. ಟೀ ಅಲ್ಲ, ಅಡಿಕೆ ಎಂದೆ. ಅಡಿಕೆ ಮರ ಬರೆದು ತೋರಿಸಿದೆ. ಇದೇ ಜೂನ್‌ನಲ್ಲಿ ನಮ್ಮೂರಲ್ಲೂ ಮಳೆ ಹಿಡಿಯುತ್ತದೆ, ನೀರು ಕೂತರೆ ಅಡಿಕೆ ಕೊಳೆತು ಉದುರುತ್ತದೆ, ಅದಕ್ಕೆ ಹಿಂದೆಲ್ಲ ಮರ ಹತ್ತಿ ಒಂದೊಂದು ಗೊನೆಗೂ ಮಳೆ ತಾಗದ ಹಾಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದರು, ಈಗ ಔಷಧಿ ಹೊಡೆಯುತ್ತಾರೆ ಎಂದು ವಿವರಿಸಿದೆ. ಕೊಟ್ಟೆ ಎನ್ನಲು ನನಗೆ ಇಂಗ್ಲಿಷ್ ಪದ ಸಿಗದೆ ನಾನೂ ಚಿತ್ರ ಬರೆದೆ. ಅವನು ಅದನ್ನು ನೋಡುತ್ತಾ ನಿಂತು, "ಅಂಬ್ರೆಲ್ಲಾ! ಟ್ರೀ ಹ್ಯಾಸ್ ಅಂಬ್ರೆಲ್ಲಾ" ಎಂದ. ತರಗತಿಯ ಬೇರೆಬೇರೆ ಮೂಲೆಗಳಿಂದ ಪ್ರಶ್ನೆಗಳು ಬಂದವು. ಮರ ಎಷ್ಟು ಎತ್ತರ? ಯಾರು ಹತ್ತುತ್ತಾರೆ? ಬಿದ್ದರೆ? ಅಂದು ಪಠ್ಯದ ಪುಟ ತಿರುಗಿಸಲೇ ಇಲ್ಲ.

ಅಂದು ಸಂಜೆ ರೈಲಿನಲ್ಲಿ ಕೂತು ಎಷ್ಟೋ ಹೊತ್ತು ಅದನ್ನೇ ಯೋಚಿಸಿದೆ. ನಾನು ಎರಡು ತಿಂಗಳು ಕೇಳಿದ ಪ್ರಶ್ನೆಗಳೆಲ್ಲ ಅವರನ್ನು ಪರೀಕ್ಷಿಸುವ ಪ್ರಶ್ನೆಗಳು. ಇದೊಂದು ಮಾತ್ರ ನನಗೆ ಉತ್ತರ ಬೇಕಾಗಿದ್ದ ಪ್ರಶ್ನೆ. ಮುಂದೆ ಆ ಇಡೀ ಟರ್ಮ್ ನಾವು ಹಾಗೆಯೇ ನಡೆಸಿದೆವು. ಈ ಊರಿನ, ನಿಮ್ಮ ಮನೆಯ, ನಿಮ್ಮ ಕ್ಲಬ್ಬಿನ ಯಾವ ಸಂಗತಿ ನನಗೆ ಗೊತ್ತಿಲ್ಲವೋ ಅದನ್ನು ಹೇಳಿ. ಕ್ಯುದೋ ಬಿಲ್ಲುಗಾರಿಕೆಯಲ್ಲಿ ಬಾಣ ಬಿಟ್ಟ ಮೇಲೂ ಯಾಕೆ ಅಲುಗದೆ ನಿಲ್ಲಬೇಕು, ಅಜ್ಜಿ ಉಮೆಬೋಶಿ ಉಪ್ಪಿನಕಾಯಿಗೆ ಹಣ್ಣನ್ನು ಯಾಕೆ ಬಿಸಿಲಿಗೆ ಹಾಕುತ್ತಾಳೆ, ಹೀಗೆ. ಯಾರೂ ನೆಟ್‌ನಲ್ಲಿ ಹುಡುಕಿ ನಕಲು ಮಾಡುವ ಹಾಗಿರಲಿಲ್ಲ, ಅಜ್ಜಿ ಅವರ ಮನೆಯಲ್ಲೇ ಇದ್ದಳು.

ಇದೆಲ್ಲಕ್ಕೂ ಜಾಗ ಸುಲಭವಾಗಿ ಸಿಗಲಿಲ್ಲ ಎಂಬುದನ್ನು ಹೇಳಲೇಬೇಕು. ಮಧ್ಯಾವಧಿ ಪರೀಕ್ಷೆಗೆ ಮೊದಲು ಇಷ್ಟು ಪಾಠ ಮುಗಿಯಬೇಕೆಂಬ ಲೆಕ್ಕ ಸೆನ್ಸೇಯ ತಲೆಯ ಮೇಲಿತ್ತು. ಎಲ್ಲಕ್ಕಿಂತ ದೊಡ್ಡದು ಮೂರನೇ ವರ್ಷದ ಜನವರಿಯಲ್ಲಿ ಬರುವ ವಿಶ್ವವಿದ್ಯಾಲಯ ಪ್ರವೇಶದ ಕಾಮನ್ ಟೆಸ್ಟ್. 2021ರಲ್ಲಿ ಹಳೆಯ ಸೆಂಟರ್ ಟೆಸ್ಟ್ ಜಾಗಕ್ಕೆ ಬಂದ ಇದರ ಇಂಗ್ಲಿಷಿನಲ್ಲಿ ಓದಿಗೆ 100, ಆಲಿಸುವಿಕೆಗೆ 100 ಅಂಕ. ಮಾತಿಗೆ ಅಂಕವಿಲ್ಲ. ಮಾತನ್ನೂ ಅಳೆಯಲು ಖಾಸಗಿ ಪರೀಕ್ಷೆಗಳನ್ನು ಸೇರಿಸುವ ಯೋಜನೆಯಿತ್ತು. ಹಣವಿದ್ದವರಿಗೆ, ಪಟ್ಟಣದಲ್ಲಿದ್ದವರಿಗೆ ಅದು ಅನುಕೂಲವಾಗುತ್ತದೆ ಎಂಬ ವಿರೋಧ ಎದ್ದು, 2019ರ ನವೆಂಬರ್‌ನಲ್ಲಿ ಸರ್ಕಾರ ಅದನ್ನು ಮುಂದೂಡಿತು, ಆಮೇಲೆ ಕೈಬಿಟ್ಟಿತು. ಆ ವಿರೋಧ ನ್ಯಾಯವೇ. ಆದರೆ "ಇದು ಪರೀಕ್ಷೆಗೆ ಬರುತ್ತಾ?" ಎಂದು ಹದಿನಾರರ ಮಗು ಕೇಳಿದಾಗ ನಮ್ಮ ಬಳಿ ಉತ್ತರ ಇಲ್ಲದಾಯಿತು.

ದಾರಿ ಹುಡುಕಿದ್ದು ಸೆನ್ಸೇ. ನಾನು ಸೇರಿದ ವರ್ಷವೇ ಹೈಸ್ಕೂಲಿಗೆ ಹೊಸ ಪಠ್ಯಕ್ರಮ ಬಂದಿತ್ತು. ತರ್ಕ ಮತ್ತು ಅಭಿವ್ಯಕ್ತಿ ಎಂಬ ಹೊಸ ವಿಷಯವನ್ನೇ ಇಂಗ್ಲಿಷಿಗೆ ಸೇರಿಸಿದ್ದರು. ಅಂಕ ಕೊಡುವಾಗ ಮೂರನ್ನು ನೋಡಬೇಕು ಎಂದಿತ್ತು. ತಿಳಿವಳಿಕೆ ಮತ್ತು ಕೌಶಲ ಒಂದು, ಯೋಚಿಸಿ ಹೇಳುವ ಶಕ್ತಿ ಇನ್ನೊಂದು, ತಾನಾಗಿ ಕಲಿಯಲು ಮುಂದಾಗುವ ಮನೋಭಾವ ಮೂರನೆಯದು. ಅನೇಕ ಕಡೆ ಇದು ಕಾಗದದ ಮೇಲಷ್ಟೇ ಉಳಿದಿದೆ ಎನ್ನುವುದನ್ನು ಬಲ್ಲೆ. ಸೆನ್ಸೇ ಅದನ್ನೇ ಹಿಡಿದು ಮುಖ್ಯಸ್ಥರ ಜೊತೆ ಕೂತು ಮಾತಾಡಿ, ಪ್ರತಿ ಟರ್ಮಿಗೂ ಒಂದು ಮಾತಿನ ಪರೀಕ್ಷೆಯನ್ನು ಒಪ್ಪಿಸಿಕೊಂಡು ಬಂದರು. ಬಾಗಿಲು ಮುಚ್ಚಿದ ಕೋಣೆಯಲ್ಲಿ ನಾನು ಮತ್ತು ಒಂದು ಮಗು, ಮೂರು ನಿಮಿಷ. ಪ್ರತಿ ತರಗತಿಯ ಮೊದಲ ಹತ್ತು ನಿಮಿಷ ಮಾತಿಗೆ ಮೀಸಲು, ಉಳಿದ ನಲವತ್ತು ಪಠ್ಯಕ್ಕೆ.

ಆ ಹತ್ತು ನಿಮಿಷದಲ್ಲಿ ಒಂದೇ ವಿಷಯವನ್ನು ಮೂರು ಜನಕ್ಕೆ ಹೇಳಬೇಕಿತ್ತು, ಜೊತೆಗಾರ ಬದಲಾಗುತ್ತಾ ಹೋಗುತ್ತಾನೆ. ಕೇಳುವವರ ಕೈಯಲ್ಲಿ ಅಂಕಿ ಬರೆದ ಹಾಳೆ, ಒಂದೊಂದು ಪದಕ್ಕೂ ಒಂದೊಂದು ಅಂಕಿಯ ಮೇಲೆ ಬೆರಳು ಸರಿಯುತ್ತದೆ. ಮೊದಲ ಸಲ ತಡವರಿಸಿದವರು ಮೂರನೇ ಸಲಕ್ಕೆ ಸಲೀಸಾಗಿ ಹೇಳುತ್ತಿದ್ದರು. ಹಾಳೆಯಲ್ಲಿ ಅಂಕಿ ಮೇಲೇರುವುದು ಅವರ ಕಣ್ಣಿಗೇ ಕಾಣುತ್ತಿತ್ತು, ನಾನು ಶಭಾಷ್ ಎನ್ನುವ ಅಗತ್ಯವೇ ಇರಲಿಲ್ಲ.

ಎಲ್ಲರೂ ಮಾತಾಡಿದರು ಎಂದರೆ ಸುಳ್ಳಾಗುತ್ತದೆ. ಎರಡು ವರ್ಷವಾದರೂ ಇಬ್ಬರು ಮೂವರು ಬಾಯಿ ಬಿಡಲಿಲ್ಲ. ಒಬ್ಬನಂತೂ ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ಬರೆಯುತ್ತಿದ್ದ, ಬಾಯಲ್ಲಿ ಮಾತ್ರ ಇಲ್ಲ. ಅವನನ್ನು ಬಲವಂತ ಮಾಡಬೇಡಿ ಎಂದು ಸೆನ್ಸೇ ಹೇಳಿದ್ದರು, ನನಗೂ ಅದೇ ಸರಿಯೆನಿಸಿತು. ಅವನ ಇಂಗ್ಲಿಷ್ ಕಾಗದದ ಮೇಲೆ ಜೀವಂತವಾಗಿತ್ತು.

ಅತ್ತಿದ್ದ ಆ ಹುಡುಗಿ ಎರಡನೇ ವರ್ಷದ ಕೊನೆಯ ಮಾತಿನ ಪರೀಕ್ಷೆಗೆ ಬಂದಳು. ಆಗ ಮಾಸ್ಕ್ ಕಡ್ಡಾಯವಿರಲಿಲ್ಲ, ಅವಳು ತೆಗೆದಿದ್ದಳು. ಅವಳ ಪೂರ್ತಿ ಮುಖವನ್ನು ಅಷ್ಟು ಹತ್ತಿರದಿಂದ ಅಂದೇ ನೋಡಿದ್ದು. ಮುಂದೆ ಏನಾಗಬೇಕೆಂದಿದ್ದೀ ಎಂದು ಕೇಳಿದೆ. "ಲೆಟ್ ಮಿ ಥಿಂಕ್" ಎಂದು ಕಿಟಕಿಯಾಚೆ ನೋಡಿದಳು. ಮೌನ ಬಹಳ ಹೊತ್ತು ಎಳೆಯಿತು, ಏಪ್ರಿಲ್‌ನ ಆ ದಿನದಷ್ಟೇ. ನಾನು ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಆಮೇಲೆ ನರ್ಸ್ ಆಗುತ್ತೇನೆ ಎಂದಳು, ಹಮಮತ್ಸುವಿನ ಆಸ್ಪತ್ರೆಯಲ್ಲಿ ತನ್ನ ಅಜ್ಜಿಯ ಪಕ್ಕದ ಹಾಸಿಗೆಯಲ್ಲಿ ಬ್ರೆಜಿಲ್‌ನ ಹೆಂಗಸೊಬ್ಬರಿದ್ದರು, ಅವರಿಗೆ ನೋವು ಎಲ್ಲಿ ಎಂದು ಹೇಳಲು ಬರುತ್ತಿರಲಿಲ್ಲ ಎಂದಳು. ಅವರಿಗೆ ಬೇಕಾದದ್ದು ಇಂಗ್ಲಿಷ್ ಅಲ್ಲ, ಪೋರ್ಚುಗೀಸ್. ಅದೂ ಅವಳಿಗೆ ಗೊತ್ತಿತ್ತು. "ಸೋ, ನೆಕ್ಸ್ಟ್, ಪೋರ್ಚುಗೀಸ್" ಎಂದು ನಕ್ಕಳು. ಟೈಮರ್ ಹೊಡೆದುಕೊಂಡಿತು, ನಾವಿಬ್ಬರೂ ಏಳಲಿಲ್ಲ.

2024ರ ಮೇ ತಿಂಗಳಲ್ಲಿ ಶಾಲೆಗೆ ಹೋದಾಗ ನನ್ನ ಮೇಜಿನ ಮೇಲೊಂದು ಪೊಟ್ಟಣವಿತ್ತು. ಶಿಂಚಾ, ಆ ವರ್ಷದ ಮೊದಲ ಚಿಗುರಿನ ಟೀ. ಬೋಳು ತಲೆಯ ಹುಡುಗ ಆಗ ಮೂರನೇ ವರ್ಷದಲ್ಲಿದ್ದ, ಅಭ್ಯಾಸಕ್ಕೆ ಹೋಗುವ ಮುಂಚೆ ಇಟ್ಟುಹೋಗಿದ್ದನಂತೆ. ಮೇಲೆ ಅಂಟಿಸಿದ ಚೀಟಿಯಲ್ಲಿ ಅವನ ದುಂಡು ಕೈಬರಹ: "ವಾಟರ್ ಈಸ್ 70 ಡಿಗ್ರಿ. ಪ್ಲೀಸ್ ವೇಟ್ ಒನ್ ಮಿನಿಟ್. ದಿಸ್ ಇಯರ್ ಫ್ಯಾನ್ ವರ್ಕ್ ವೆರಿ ಹಾರ್ಡ್." ಕೊನೆಗೆ ಒಂದು ಪ್ರಶ್ನೆ ಬರೆದಿದ್ದ, ನಿಮ್ಮ ತಂದೆಯ ಮರಗಳಿಗೆ ಈ ವರ್ಷ ಕೊಡೆ ಕಟ್ಟಿದರಾ ಎಂದು.

ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನನ್ನು ಕೇಳಿದೆ. "ಮಳೆ ಇನ್ನೂ ಬಂದಿಲ್ಲ ಮಾರಾಯ್ತಿ, ಯಾರು ಕೇಳ್ತಿದಾರೆ ಅದನ್ನ?" ಎಂದರು ಅಪ್ಪ.